ಶೇಡಿ ಮಣ್ಣಿನ ಮೇಲೆ ನಿಂತ ನೀರು

ಕೊರೊನಾ ಹಾವಳಿ ತಣ್ಣಗಾದ ಮೇಲಿನ ಒಂದು ಮಳೆಗಾಲ. ನಾನಾಗ ಅಂತರ್ಜಲ ಕಚೇರಿಯಲ್ಲಿ ಹಿರಿಯ ಭೂವಿಜ್ಞಾನಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳು ನನ್ನ ಪಾಲಿಗೆ. ಭಾಷಣವೆಂದರೆ ನನಗೆ ಮೈಯೆಲ್ಲ ಉರಿ. ಆದರೂ ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯ ಹಳ್ಳಿಯೊಂದರ ಯುವಕ ಮಂಡಲದವರು ಬಿಡಲೇ ಇಲ್ಲ. ಗುಡ್ಡದ ಮೇಲೆ ಕೆಂಪುಕಲ್ಲು ಕೊಯ್ದು ಪಾಳುಬಿಟ್ಟಿದ್ದ ಕೋರೆಯ ಹೊಂಡಕ್ಕೆ ಮಳೆನೀರು ತಿರುಗಿಸಿ, ಒಡ್ಡು ಕಟ್ಟಿ, ಅವರು ಕೆರೆ ಮಾಡಿದ್ದರು. ಹಿಂದಿನ ವರ್ಷ ಅರ್ಧ ತುಂಬಿತ್ತು, ಈ ಸಲ ಭರ್ತಿ. ಬಾಗಿನ ಬಿಡಲು ನಾನು ಅತಿಥಿ.

ಜೀಪು ಗುಡ್ಡ ಹತ್ತುವಂತಿರಲಿಲ್ಲ. ಬುಡದಲ್ಲಿದ್ದ ಗಿರಿಜಕ್ಕನ ಅಂಗಳದಲ್ಲಿ ನಿಲ್ಲಿಸಿದೆವು. ಬೀಡಿ ಕಟ್ಟಿ ಬದುಕುವ ಒಂಟಿ ಹೆಂಗಸು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು.

"ಕುಡೀರಿ ಮೇಡಂ. ಮಾರ್ಚಿಗೇ ಬತ್ತುವ ಬಾವಿ, ಈ ವರ್ಷ ಬತ್ತಲೇ ಇಲ್ಲ. ಎಲ್ಲ ನಮ್ಮ ಸದಾನಂದನ ಕೆರೆಯ ಪುಣ್ಯ," ಎಂದರು. ಸದಾನಂದ ಯುವಕ ಮಂಡಲದ ಅಧ್ಯಕ್ಷ.

ಕುಡಿದೆ. ಚೊಂಬಿನ ತಳದಲ್ಲಿ ಬಿಳಿ ಗಸಿ ಕಂಡಿತು. ಇದೇನಕ್ಕ ಎಂದೆ.

"ಮಳೆ ಶುರುವಾದ ಮೇಲೆ ಅಕ್ಕಿ ತೊಳೆದ ನೀರಿನ ಹಾಗೆ ಬರ್ತದೆ. ಸ್ವಲ್ಪ ಹೊತ್ತು ಇಟ್ಟರೆ ತಿಳಿ ಆಗ್ತದೆ."

ಗಸಿಯನ್ನು ಬೆರಳಲ್ಲಿ ಉಜ್ಜಿದೆ. ಬೆಣ್ಣೆಯಂತೆ ಜಾರಿತು. ತಲೆಯೆತ್ತಿ ಗುಡ್ಡ ನೋಡಿದೆ.

ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲು, ಅದರಡಿ ಶೇಡಿ ಎನ್ನುವ ಬಿಳಿ ಜೇಡಿ. ಒಣಗಿದ್ದರೆ ಶೇಡಿ ಸಾಧು. ನೀರು ಕುಡಿದರೆ ಮಾತ್ರ ಮೇಲಿನ ಭಾರವನ್ನೆಲ್ಲ ಹೊತ್ತುಕೊಂಡೇ ಜಾರುತ್ತದೆ. ಕೋರೆಯವರು ಕೆಂಪುಕಲ್ಲನ್ನು ಶೇಡಿ ಸಿಗುವವರೆಗೂ ಕೊಯ್ದಿರಬೇಕು. ಅದರ ಮೇಲೆ ಈಗ ಕೆರೆ! ಕರಗಿದ ಗುಡ್ಡ ಗಿರಿಜಕ್ಕನ ಬಾವಿಯಲ್ಲಿ ಇಳಿಯುತ್ತಿತ್ತು.

ಮೇಲೆ ಹೋದರೆ ಶಾಮಿಯಾನ, ಮೈಕು, ಸಿಂಗರಿಸಿದ ಮೊರಗಳು. ನಾನು ವೇದಿಕೆ ಬಿಟ್ಟು ಕೆರೆಯ ಕೆಳಬದಿಗೆ ನಡೆದೆ. ಹುಲ್ಲಿನ ನಡುವೆ ಉದ್ದಕ್ಕೆ ಸಿಮೆಂಟಿನ ಪಟ್ಟಿ.

"ಅಲ್ಲಿ ಬಿರುಕು ಬಿಟ್ಟಿತ್ತು ಮೇಡಂ. ನೀರು ಹಾಳಾಗ್ತದಲ್ಲ, ಸಿಮೆಂಟ್ ತುಂಬಿಸಿ ಬಂದ್ ಮಾಡಿದೆವು," ಎಂದ ಸದಾನಂದ, ಹೆಮ್ಮೆಯಿಂದ.

ಸಿಮೆಂಟಿನ ಪಕ್ಕದಲ್ಲೇ ಹೊಸ ಬಿರುಕು ಬಾಯಿಬಿಟ್ಟಿತ್ತು. ಅದಕ್ಕೆ ತೂರಿಸಿದ ನನ್ನ ಕೊಡೆ ಹಿಡಿಕೆಯವರೆಗೂ ಇಳಿಯಿತು.

"ಬಾಗಿನ ಆಮೇಲೆ ಮಾರಾಯ. ಜೆಸಿಬಿ ತರಿಸು. ಹಿಂಬದಿಯಲ್ಲಿ ಬಂಡೆಯ ಮೇಲೆ ಹರಿಯುವ ತೋಡಿಗೆ ಈ ನೀರು ಬಿಡುವ. ಅಡಿಯ ಶೇಡಿ ಜಾರುತ್ತಿದೆ, ಕೆಳಗಿನ ಮನೆಗಳು ಇವತ್ತೇ ಖಾಲಿಯಾಗಬೇಕು," ಎಂದೆ.

ಗಲಾಟೆಯೋ ಗಲಾಟೆ. "ನೀರು ಉಳಿಸಿ ಅಂತ ಊರೂರು ತಿರುಗಿ ಹೇಳಿದ್ದು ನಿಮ್ಮ ಕಚೇರಿಯವರೇ ಅಲ್ವಾ?" ಎಂದು ಒಬ್ಬ ಮೈಕಿನಲ್ಲೇ ಕೇಳಿದ. ಎಲ್ಲಕ್ಕಿಂತ ನೋಯಿಸಿದ್ದು ಗಿರಿಜಕ್ಕ. ಅಷ್ಟರಲ್ಲಿ ಅವರೂ ಏರಿ ಬಂದಿದ್ದರು. "ಇಷ್ಟು ವರ್ಷ ಬೇಸಿಗೆಯಲ್ಲಿ ಕೊಡ ಹೊತ್ತು ನನ್ನ ಸೊಂಟ ಬಿದ್ದುಹೋಗಿದೆ. ಈಗ ಬಂದ ನೀರನ್ನೂ ತೆಗೀತೀರಾ ಮೇಡಂ?" ಎಂದು ಅತ್ತೇಬಿಟ್ಟರು.

ಸದಾನಂದ ಬಿರುಕಿನ ಹತ್ತಿರ ಕೂತು, ಕೈ ಒಳಗೆ ಹಾಕಿ, ತೆಗೆದ. ಮೊಣಕೈವರೆಗೆ ಬಿಳಿ. ಎದ್ದು ಜೆಸಿಬಿಯವನಿಗೆ ಫೋನ್ ಮಾಡಿದ. ತಾನೇ ಕಟ್ಟಿದ ಕೆರೆಯ ಒಡ್ಡನ್ನು ಅವನು ಎದುರು ನಿಂತು ಒಡೆಸಿದ. ಆ ಸಂಜೆ ಗಿರಿಜಕ್ಕನನ್ನು ಬೈದು, ಬೇಡಿ, ಕೊನೆಗೆ ಬೀಡಿ ಎಲೆಯ ಕಟ್ಟಿನೊಂದಿಗೆ ತನ್ನ ಮನೆಗೆ ಕರೆದೊಯ್ದ.

ಕೆರೆ ಖಾಲಿಯಾದರೂ ಗುಡ್ಡದ ಹೊಟ್ಟೆಯೊಳಗಿನ ನೀರು ಖಾಲಿಯಾಗಲಿಲ್ಲ. ಆ ವಾರವೇ ಒಂದು ಮಧ್ಯಾಹ್ನ ಇಳಿಜಾರು ಕುಸಿಯಿತು. ಗಿರಿಜಕ್ಕನ ಅಡುಗೆಮನೆ, ಬಾವಿ ಎರಡೂ ಮಣ್ಣಿನಡಿ. ಕೆರೆ ತುಂಬಿದ್ದಿದ್ದರೆ ಗುಡ್ಡದ ಬುಡದ ಉಳಿದ ಮನೆಗಳೂ ಉಳಿಯುತ್ತಿರಲಿಲ್ಲ. ಮನೆಗಳು ಮೊದಲೇ ಖಾಲಿಯಾಗಿದ್ದರಿಂದ ಜನ ಯಾರೂ ಸಾಯಲಿಲ್ಲ. ನಾನು ಹೋದಾಗ ಗಿರಿಜಕ್ಕ ನನ್ನ ಕೈ ಹಿಡಿದುಕೊಂಡರು, ಬಿಡಲಿಲ್ಲ. "ಜೀವ ಉಂಟು ಮೇಡಂ. ಇನ್ನು ನೀರಿಗೆ ಎಲ್ಲಿಗೆ ಹೋಗಲಿ?" ಎಂದರು.

ಕಳ್ಳ ಕೋರೆಯವನಿಗೆ ನೋಟಿಸ್ ಕೊಡುವುದು ಸುಲಭ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆಂದು ನಂಬಿದವರಿಗೆ ನಿಲ್ಲಿಸಿ ಎನ್ನುವುದು ಕಷ್ಟ. ನೀರನ್ನು ಕಾಪಾಡುವುದೆಂದರೆ ಅದು ಎಲ್ಲಿ ನಿಲ್ಲಬಾರದು ಎಂದು ತಿಳಿಯುವುದೂ ಹೌದು ಎಂದು ಈ ಕೆಲಸ ನನಗೆ ಕಲಿಸಿತು.

ಈಚೆಗೆ ಬಂಟ್ವಾಳದ ಕಡೆಯಿಂದ ಇನ್ನೊಂದು ಕೋರೆ-ಕೆರೆಗೆ ಕರೆ ಬಂತು, ಹೋದೆ. ಮೊದಲು ಕೆಳಗಿನ ಮನೆಗಳನ್ನು ತೋರಿಸಿ ಎಂದೆ. ಹುಡುಗರು ನಕ್ಕರು: "ಅಲ್ಲೇನುಂಟು ಮೇಡಂ? ಕೆರೆ ಇರುವುದು ಮೇಲೆ."

ಮಳೆ ಜೋರಾಗಿತ್ತು. ನಾನು ಕೆಳಗಿನ ದಾರಿ ಹಿಡಿದೆ.