ಟ್ರಯಲ್ ಸೀಟು

ಬಿ.ಎ. ಮುಗಿದು ಎಲ್ಲೂ ಕೆಲಸ ಸಿಗದಿದ್ದಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಕೊಟ್ಟಿಗೆಹಾರದ ಒಂದು ಜೀಪ್ ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದೆ. ಹೊಸಬರು ಮೊದಲು ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯಬೇಕು. ಆಮೇಲೆ, ಜೀಪಿನಡಿ ಮಲಗಿದ ಮೇಸ್ತ್ರಿ ಕೈ ಚಾಚಿದಾಗ, ಅವರು ಬಾಯಿಬಿಟ್ಟು ಕೇಳುವ ಮೊದಲೇ ಸರಿಯಾದ ಸ್ಪ್ಯಾನರ್ ಇಡಬೇಕು. ಬಿಚ್ಚಿ ಜೋಡಿಸುವುದು ಅದರ ನಂತರ. ಆದರೆ ನಿಜವಾದ ಕಲಿಕೆ ಇದ್ದದ್ದು ಟ್ರಯಲ್‌ನಲ್ಲಿ. ಎಸ್ಟೇಟುಗಳಿಂದ ಬಂದ ಜೀಪನ್ನು ಮೇಸ್ತ್ರಿ ಚಾರ್ಮಾಡಿ ಕಡೆಗೆ ಓಡಿಸುತ್ತಾ, ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂದು ಪಕ್ಕದಲ್ಲಿ ಕೂತವನನ್ನು ಕೇಳುತ್ತಿದ್ದರು. ಆ ಸೀಟಿಗೆ ಕರೆಸಿಕೊಳ್ಳದವನು ತೊಳೆಯುತ್ತಲೇ ಇರಬೇಕು.

ನನಗಿಂತ ತಡವಾಗಿ ಸೇರಿದ, ನನ್ನದೇ ವಯಸ್ಸಿನ ಬಾಳೂರಿನವನನ್ನು ಮೊದಲು ಕರೆದರು. ಅವನು ವಾಪಸು ಬಂದಾಗಲೆಲ್ಲ ನಾನು ಅವನ ಕಿವಿ ನೋಡುತ್ತಿದ್ದೆ. ನನ್ನದಕ್ಕಿಂತ ಅದರಲ್ಲೇನು ಹೆಚ್ಚಿದೆ? ಬರಬರುತ್ತಾ ಅವನು ಕೈ ಒರೆಸಿಕೊಳ್ಳುವ ರೀತಿಯೂ ಮೇಸ್ತ್ರಿಯಂತೆಯೇ ಆಯಿತು. ಅದನ್ನಂತೂ ಸಹಿಸಲಾಗುತ್ತಿರಲಿಲ್ಲ.

ಒಂದು ದಿನ ಅವನೇ ಹೇಳಿದ, "ಇವತ್ತು ನೀನು ಮುಂದೆ ಕೂತ್ಕೊ ಮಾರಾಯ. ನಿನ್ ಮೋರೆ ನೋಡಕ್ಕಾಗ್ತಿಲ್ಲ. ನಾ ಹಿಂದೆ ಇರ್ತೀನಿ."

ಮೇಸ್ತ್ರಿ ನಕ್ಕರು. "ಜೀಪು ಹತ್ತು. ಡಿಗ್ರಿ ಮಾಡಿದ ಕಿವೀನೂ ನೋಡಣ."

ಅಷ್ಟು ಬಯಸಿದ್ದ ಸೀಟು ಅವನು ಬಿಟ್ಟುಕೊಟ್ಟದ್ದಾಗಿ ಸಿಕ್ಕಿತು.

ಒಂದು ತಿರುವಿನಲ್ಲಿ ಮೇಸ್ತ್ರಿ ಕೇಳಿದರು, "ಎಂತ ಕೇಳ್ತದೆ? ಯಾವ ಕಡೆ?"

ಟಾರ್ಪಾಲಿನ ಪಟಪಟ ಬಿಟ್ಟರೆ ನನಗೇನೂ ಕೇಳಿಸುತ್ತಿರಲಿಲ್ಲ. ಆಗ ಹಿಂದಿನಿಂದ ನನ್ನ ಬಲಭುಜದ ಮೇಲೆ ಅವನ ಕೈ ಬಿತ್ತು. ಬಲಗಡೆ ಎಂದು ಹೇಳಿಕೊಡುತ್ತಿದ್ದಾನೆ ಎಂದು ಆಗ ನನಗೆ ಖಚಿತವಾಗಿತ್ತು. ಜೀಪು ವಾಲಿದ್ದಕ್ಕೆ ಆಸರೆ ಹಿಡಿದನೇನೋ ಎಂದು ಈಗ ಅನುಮಾನ. ಹೊಟ್ಟೆಕಿಚ್ಚಿನಲ್ಲಿ ನೋಡಿದ್ದನ್ನು ಎಷ್ಟು ನಂಬಬಹುದು? ಅಂದು ಮಾತ್ರ ಒಂದೇ ಯೋಚನೆ: ಸೀಟೂ ಇವನದು, ಉತ್ತರವೂ ಇವನದೇ ಆಗಬೇಕೆ?

"ಎಡಗಡೆ" ಎಂದೆ.

ಮೇಸ್ತ್ರಿ ಜೀಪು ನಿಲ್ಲಿಸಿದರು. "ಇಳೀರಿ ಇಬ್ರೂ. ಜಾಗ ಬದಲಾಯ್ಸಿ."

ನಾನು ಹಿಂದಿನ ಬೆಂಚಿನ ಬಲಬದಿಯಲ್ಲಿ ಕೂತೆ. ಜೀಪು ಹೊರಟದ್ದೇ, ನನ್ನ ಕೆಳಗಿನ ಚಕ್ರದಿಂದ ಜೇನುಗೂಡಿನಂಥ ಗುಂಯ್ ಸದ್ದು ಬೆನ್ನುಮೂಳೆಗೇ ತಾಗಿತು. ಬೇರಿಂಗ್! ಅಂಥ ಸವೆದವನ್ನು ಎಷ್ಟು ತೊಳೆದಿರಲಿಲ್ಲ ನಾನು! ಮುಂದಕ್ಕೆ ಬಾಗಿ ಬಾಯಿ ತೆರೆದೆ.

"ಬಲಗಡೆ ಹಿಂದಿನ ಚಕ್ರ. ಬೇರಿಂಗ್ ಹೋಗಿದೆ," ಅವನು ಆಗಲೇ ಹೇಳಿಯಾಗಿತ್ತು.

ಗ್ಯಾರೇಜಿನಲ್ಲಿ ಅವನು ಚಕ್ರ ಬಿಚ್ಚತೊಡಗಿದ. ನಾನು ಸೀಮೆಎಣ್ಣೆ ಡಬ್ಬ ತಂದಿಟ್ಟೆ.