ಚಹಾಕ್ಕೆ ಕರೆದ ಮದುವೆ

ರಾಯಚೂರಿನ ನನ್ನ ಬಾಡಿಗೆ ಮನೆಯಲ್ಲಿ ಆಗ ಇದ್ದದ್ದು ನಾಲ್ಕೇ ಜೊತೆ ಕಪ್ಪು-ಬಸಿ. ಉಳಿದವನ್ನೆಲ್ಲ ಕಚೇರಿಯ ಗೆಳೆಯರ ಮನೆಗಳಿಂದ ಎರವಲು ತಂದಿದ್ದೆ. ನೀಲಿ ಹೂವಿನವು, ಚಿನ್ನದ ಅಂಚಿನವು, ಹಿಡಿಕೆ ಹೋದವು ಎಲ್ಲವೂ ಒಂದೇ ಚಾಪೆಯ ಮೇಲೆ ಕುಳಿತು ಒಂದರ ಮುಖ ಒಂದು ನೋಡುತ್ತಿದ್ದವು. ಮದುವೆಗೆ ಊಟ ಹಾಕದೆ ಮಧ್ಯಾಹ್ನ ನಾಲ್ಕಕ್ಕೆ ಚಹಾ ಕೊಡುವುದು ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಚೇರಿಯವರಿಗೆ ಸುಧಾರಣೆಯಾಗಿ ಕಂಡಿತ್ತು. ನನಗೂ ಹಾಗೆಯೇ ಕಂಡಿತ್ತೋ, ಇಲ್ಲವೇ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುವರೆಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಉಪಾಯವಾಗಿತ್ತೋ, ಓದುಗ ಮಿತ್ರರೇ, ನನಗಿನ್ನೂ ಬಗೆಹರಿದಿಲ್ಲ.

ಏಕೆಂದರೆ ನಾನು ಕೈಹಿಡಿದ ಶಾಂತಾ ಮಾನ್ವಿಯ ಕೂಲಿಕಾರರ ಮನೆಯ ಮಗಳು, ಓದಿ ಶಿಕ್ಷಕಿಯಾದವಳು. ನಾನು ದೇವದುರ್ಗದ ಒಕ್ಕಲು ಮನೆತನದವನು. ತಾಯಿಯಿಲ್ಲದ ನನ್ನನ್ನು ಸಾಕಿದ ದೊಡ್ಡವ್ವ, ಶಾಂತಾಳ ಜನರ ಕೇರಿಯಲ್ಲಿ ಹುಟ್ಟಿದಂದಿನಿಂದ ಒಂದು ಗುಟುಕು ನೀರು ಕುಡಿದವಳಲ್ಲ. ಅವಳಿಗೆ ಬರೆದ ಪತ್ರದಲ್ಲಿ ಹುಡುಗಿ ಯಾರೆಂದು ತಿಳಿಸಿದ್ದೆ. ಆದರೆ ಶುಕ್ರವಾರವೇ ನೋಂದಣಿ ಕಚೇರಿಯಲ್ಲಿ ಮದುವೆಯಾಗುತ್ತದೆ ಎಂದು ಬರೆಯಲು ಕೈ ಬರಲಿಲ್ಲ. ‘ಶನಿವಾರ ಮದುವೆಯ ಚಹಾಕೂಟ’ ಎಂದಷ್ಟೇ ಗೀಚಿ ಅಂಚೆಗೆ ಹಾಕಿದೆ.

ಅವಳು ಬಂದೇ ಬಂದಳು. ಬಸ್ಸಿಳಿದು, ಊರಿನ ಏಳೆಂಟು ಹೆಂಗಸರ ಜೊತೆ ಗೋಡೆಗೆ ಒರಗಿ ಸಾಲಾಗಿ ಕುಳಿತಳು. ಅತ್ತ ಕಚೇರಿಯವರು ಮಂಡಕ್ಕಿ ಒಗ್ಗರಣೆ-ಮಿರ್ಚಿ ಮುಗಿಸಿ ಎರಡನೆಯ ಚಹಾಕ್ಕೆ ಕೈಯೊಡ್ಡುತ್ತಿದ್ದರು. ಇತ್ತ ಶಾಂತಾ ತಾನೇ ಚಹಾದ ತಟ್ಟೆ ಹಿಡಿದು ದೊಡ್ಡವ್ವನ ಮುಂದೆ ಬಗ್ಗಿದಳು. ದೊಡ್ಡವ್ವನ ಬಲಗೈ ಮುಷ್ಟಿ ಬಿಚ್ಚಲಿಲ್ಲ. ಪಕ್ಕದವಳದೂ ಬಿಚ್ಚಲಿಲ್ಲ, ಆಚೆಯವಳದೂ ಬಿಚ್ಚಲಿಲ್ಲ.

“ತಗೋರಿ ಅವ್ವಾರ, ಚಾ ಆರಾಕತ್ತದ,” ಎಂದ ನನ್ನ ಗೆಳೆಯ. ದೊಡ್ಡವ್ವ ತಲೆಯಲ್ಲಾಡಿಸಿದಳು.

ಮೂರು ತಾಸು ಪ್ರಯಾಣ ಮಾಡಿ ಬಂದದ್ದು ಇದಕ್ಕೇ ಏನು, ನಾಲ್ಕು ಜನರ ಮುಂದೆ ನನ್ನ ಹೆಂಡತಿಯ ಕೈಯ ಚಹಾ ಒಲ್ಲೆ ಎನ್ನಲಿಕ್ಕೆ? ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಶಾಂತಾ ಮಾತ್ರ ತಟ್ಟೆ ಹಿಡಿದು ಬಗ್ಗಿದವಳು ಬಗ್ಗಿದಂತೆಯೇ ಇದ್ದಳು.

ನಾನು ಹತ್ತಿರ ಹೋದೆ. ದೊಡ್ಡವ್ವ ನನ್ನ ತೋಳು ಜಗ್ಗಿ ಪಿಸುಗುಟ್ಟಿದಳು: “ಅಲ್ಲೋ, ಅಕ್ಕಿಕಾಳು ಯಾವಾಗ ಹಾಕೋದು? ಹಿಡಕೊಂಡು ಹಿಡಕೊಂಡು ಕೈ ಬೆವತು ಹೋದ್ವು.” ಮುಷ್ಟಿ ಚೂರು ಬಿಚ್ಚಿ ತೋರಿಸಿದಳು. ಒಳಗೆ ಅರಿಶಿನದಕ್ಕಿ ಅಂಗೈಗೆ ಮೆತ್ತಿಕೊಂಡಿತ್ತು.

“ಮದುವಿ ನಿನ್ನೇ ಆಗ್ಯದ ದೊಡ್ಡವ್ವ. ಕಚೇರ್ಯಾಗ ಸಹಿ ಮಾಡೀವಿ.”

ಅವಳು ನನ್ನನ್ನು ನೋಡಿದ ನೋಟವನ್ನು ನಾನು ಇನ್ನೊಮ್ಮೆ ಎದುರಿಸಲಾರೆ.

“ನನ್ನ ಬಿಟ್ಟು ಮಾಡಿಕೊಂಡ್ಯಾ?” ಎಂದಳು. ಮತ್ತೆ ಮುಷ್ಟಿಯತ್ತ ನೋಡಿ, “ಹಂಗಾರ ಈ ಅಕ್ಕಿ ಏನ್ ಮಾಡ್ಲೋ ಯಪ್ಪಾ?”

ಶಾಂತಾ ತಟ್ಟೆಯನ್ನು ನೆಲಕ್ಕಿಟ್ಟು ಅಲ್ಲೇ ಕುಳಿತಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು. “ಈಗ ಹಾಕ್ರಿ ದೊಡ್ಡವ್ವಾ. ನಾವೂ ಕಾಯಾಕತ್ತೀವಿ,” ಎಂದು ನನ್ನ ಅಂಗಿ ಹಿಡಿದೆಳೆದು ಪಕ್ಕಕ್ಕೆ ಕೂರಿಸಿದಳು.

ಮುಷ್ಟಿಗಳೆಲ್ಲ ಒಮ್ಮೆಗೇ ಬಿಚ್ಚಿದವು. ದೊಡ್ಡವ್ವ ಅರಿಶಿನದ ಕೈಯಲ್ಲೇ ಆರಿದ ಚಹಾ ಎತ್ತಿಕೊಂಡು ತಳ ಕಾಣುವವರೆಗೆ ಕುಡಿದಳು.

ಅಕ್ಕಿಯಿಲ್ಲದಿದ್ದರೂ ಅವಳು ಆ ಚಹಾ ಮುಟ್ಟುತ್ತಿದ್ದಳೇ? ಎಷ್ಟೋ ವರ್ಷ ಕೇಳಬೇಕೆಂದುಕೊಂಡೆ, ಧೈರ್ಯ ಸಾಲಲಿಲ್ಲ. ಈಗ ಕೇಳಲು ಅವಳಿಲ್ಲ. ಆದರೆ ನಿಮ್ಮ ಮದುವೆ ಎಂದಾಯಿತೆಂದು ಯಾರಾದರೂ ವಿಚಾರಿಸಿದರೆ, ನಾನು ಶುಕ್ರವಾರವೋ ಶನಿವಾರವೋ ಎಂದು ತಡವರಿಸುತ್ತಿರುವಾಗಲೇ, ರಿಜಿಸ್ಟರಿನಲ್ಲಿ ಶುಕ್ರವಾರ ಸಹಿ ಹಾಕಿದ ಶಾಂತಾ ನನಗಿಂತ ಮೊದಲು ‘ಶನಿವಾರ’ ಎಂದುಬಿಡುತ್ತಾಳೆ.