ಉಳಿದ ಅನ್ನ

ಕೋಡಿಬಾಗದ ನಮ್ಮ ಓಣಿಯಲ್ಲಿ ಸಕ್ಕರೆ ಕಾಯಿಲೆಯನ್ನು ಶೇವಂತಕ್ಕನಷ್ಟು ತಿಳಿದವರಿಲ್ಲ. ಗಂಡನಿಗೆ ಅದು ಬಂದ ದಿನದಿಂದ ಅವಳಿಗೆ ಅಡುಗೆ ಎರಡಾಯಿತು. ಮನೆಮಂದಿಗೆಲ್ಲ ಅನ್ನ, ಮೀನಸಾರು. ಅವನೊಬ್ಬನಿಗೆ ರವೆ ಹಚ್ಚದೆ ಕಾಯಿಸಿದ ಬಂಗಡೆ, ಹಾಗಲಕಾಯಿ ಪಲ್ಯ, ಬೇಯಿಸಿದ ಮೊಟ್ಟೆ. ಬೆಳಿಗ್ಗೆ ಮೀನು ಮಾರಲು ಬುಟ್ಟಿ ಹೊರುವ ಮೊದಲು ಅವನ ಬೆರಳು ಚುಚ್ಚಿ ಯಂತ್ರದಲ್ಲಿ ಸಕ್ಕರೆ ನೋಡುತ್ತಾಳೆ. ಅಂಕಿ ಇಳಿದಿದ್ದರೆ ಬಂದರಿನವರೆಗೂ ಸುದ್ದಿ ಮುಟ್ಟಿಸುತ್ತಾಳೆ. ಮದುವೆಮನೆಯಲ್ಲಿ ಅವನ ಎಲೆಗೆ ಬೀಳುತ್ತಿದ್ದ ಪಾಯಸಕ್ಕೆ ಹೆಂಗಸರ ಪಂಕ್ತಿಯಿಂದ ಎಂಜಲುಗೈಯಲ್ಲೇ ಓಡಿಬಂದು ಅಡ್ಡ ನಿಂತವಳು ಅವಳು. "ಅನ್ನ ಬಿಡೂಕೆ ಮನಸ್ಸು ಗಟ್ಟಿ ಬೇಕು ನೋಡಿ," ಎಂದು ಅವನು ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಾನೆ. ಹಾಗಲಕಾಯಿ ಹೆಚ್ಚುವ ಕೈಯ ಮಾತು ಅಲ್ಲಿ ಬರುವುದಿಲ್ಲ. ಅವಳು ಉಣ್ಣುವುದು ಎಲ್ಲರ ಕೊನೆಗೆ, ಪಾತ್ರೆಯ ತಳದಲ್ಲಿ ಉಳಿದ ಅನ್ನ. ನಿನ್ನೆಯದಿದ್ದರೆ ಅದೂ ಅವಳಿಗೇ. ಮೂರು ತಿಂಗಳ ಹಿಂದೆ ಮೀನಿನ ಮುಳ್ಳು ಚುಚ್ಚಿದ ಅವಳ ಪಾದದ ಗಾಯ ಇನ್ನೂ ಮಾಗಿಲ್ಲ. ಹೋದ ವಾರ ನಾನೇ ಹಠ ಹಿಡಿದು ಅವಳ ಬೆರಳು ಚುಚ್ಚಿದೆ. ಅಂಕಿ ಗಂಡನದಕ್ಕಿಂತ ಎರಡು ಪಟ್ಟು ಇತ್ತು. "ಇನ್ಮೇಲೆ ಅವರಿಗೆ ಮಾಡೂದನ್ನೇ ನೀನೂ ಉಣ್ಣು ಮಾರಾಯ್ತಿ," ಅಂದೆ. ಅವಳು ಯಂತ್ರವನ್ನು ಸೆರಗಿನಿಂದ ಒರೆಸಿ ಅವನ ಪೆಟ್ಟಿಗೆಯಲ್ಲಿಟ್ಟಳು. "ಹಾಂ, ಮತ್ತೆ ಉಳಿದ ಅನ್ನ ಯಾರು ತಿನ್ನೂದು? ಚೆಲ್ಲೂಕೆ ಆಗ್ತದಾ?" ಎಂದವಳೇ ಕುಂಟುತ್ತ ಎದ್ದುಹೋಗಿ ಅವನಿಗೆ ಹಾಗಲಕಾಯಿ ಹೆಚ್ಚತೊಡಗಿದಳು.